ಹೋರಾಟಗಾರರ ಮಾತು ಎಲ್ಲಿಯವರೆಗೆ ನಡೆಯುತ್ತದೆ?



ಅರಕೇರಿಯಿಂದ ಪ್ಯಾಟಿಗೆ ಹೋಗುವ ಬಸ್ಸಿನ ಫಲಕದ ಮೇಲೆ ಈಗ ವಿಜಯಪುರ ಎಂದು ಬರೆದಿರುತ್ತದೆ. 2014ರ ನವೆಂಬರ್ 1ರ ತನಕ ಸರಕಾರಿ ಕಾಗದದಲ್ಲಿ ಊರಿನ ಹೆಸರು ಬಿಜಾಪುರ. ಆ ದಿನ ರಾಜ್ಯದ ಹನ್ನೆರಡು ನಗರಗಳ ಹೆಸರು ಬದಲಾದವು. ಈ ಬದಲಾವಣೆಯ ಮೊದಲ ಮಾತು ಆಡಿದವರು ಒಬ್ಬ ಲೇಖಕರು, ಯು.ಆರ್. ಅನಂತಮೂರ್ತಿ. ರಾಜ್ಯಕ್ಕೆ ಐವತ್ತು ತುಂಬುವ ಹೊತ್ತು ಅದು. 2005ರ ಕೊನೆಗೆ ಅವರು ಸಲಹೆ ಕೊಟ್ಟರು: ಬೆಂಗಳೂರನ್ನು ಕನ್ನಡಿಗರು ಹೇಗೆ ಕರೆಯುತ್ತಾರೋ ಹಾಗೆಯೇ ಎಲ್ಲ ಕಡೆ ಬರೆಯಲಿ ಎಂದು. ಆಗಿನ ಮುಖ್ಯಮಂತ್ರಿ ಧರ್ಮಸಿಂಗ್ ಒಪ್ಪಿದರು. ಉಳಿದ ಊರುಗಳೂ ಪಟ್ಟಿಗೆ ಸೇರಿದವು. ಕಡತ ದೆಹಲಿಗೆ ಹೋಗಿ ತಿರುಗಿ ಬರಲು ಹೆಚ್ಚುಕಡಿಮೆ ಒಂಬತ್ತು ವರ್ಷ ಹಿಡಿಯಿತು. ಆದೇಶ ಜಾರಿಯಾಗುವ ಎರಡು ತಿಂಗಳ ಮುಂಚೆ ಅನಂತಮೂರ್ತಿ ತೀರಿಹೋದರು.

ಇದೇ ಅನಂತಮೂರ್ತಿ 2006ರಲ್ಲಿ ರಾಜ್ಯಸಭೆಗೆ ನಿಂತಿದ್ದರು. ಅವರಿಗೆ ಶಾಸಕರ ಮತ ಸಾಲಲಿಲ್ಲ. ನಮ್ಮೂರಿನ ಹೆಸರು ಬದಲಾಗಲು ಕಾರಣರಾದ ಮನುಷ್ಯ ಒಂದು ಚುನಾವಣೆ ಗೆಲ್ಲಲಿಲ್ಲ. ಇದು ಹೇಗೆ?

ಇವತ್ತಿನ ನನ್ನ ವಿಷಯ ಇದೇ. ಹೋರಾಟಗಾರರಿಗೆ, ಪತ್ರಿಕೆಯಲ್ಲಿ ಬರೆಯುವವರಿಗೆ, ಟೀವಿಯಲ್ಲಿ ಚರ್ಚೆ ಮಾಡುವವರಿಗೆ ರಾಜಕೀಯದ ಮೇಲೆ ನಿಜವಾಗಿ ಎಷ್ಟು ಹಿಡಿತ ಇದೆ? ಕೆಲವರು ಅವರನ್ನು ಸರಕಾರ ಕೆಡವುವವರು ಎನ್ನುತ್ತಾರೆ. ಕೆಲವರು ಅವರ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಎನ್ನುತ್ತಾರೆ. ಈ ಎರಡೂ ಮಾತು ತಪ್ಪು ಎಂದು ನಾನು ನಂಬಿದ್ದೇನೆ. ಯಾಕೆ ಎಂದು ನಮ್ಮ ಸೀಮೆಯ ಉದಾಹರಣೆಗಳಿಂದಲೇ ಹೇಳುತ್ತೇನೆ.

ಮೊದಲು 1983ರ ಕಥೆ. ಆಗಿನ ಮುಖ್ಯಮಂತ್ರಿ ಗುಂಡೂರಾಯರ ಸರಕಾರವನ್ನು ಲೇಖಕರು, ಪತ್ರಕರ್ತರು, ಹೋರಾಟಗಾರರು ಸೇರಿ ಕೆಡವಿದರು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಆ ಮಾತಿಗೆ ಆಧಾರ ಇಲ್ಲದೆ ಇಲ್ಲ. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ಗುಂಡು ಹಾರಿತು. ಮಲಪ್ರಭಾ ಕಾಲುವೆಯ ನೀರು ಹೊಲ ಮುಟ್ಟುವ ಮೊದಲೇ ಕರದ ನೋಟೀಸು ಮನೆ ಮುಟ್ಟಿತ್ತು. ಕೇಳಲು ಹೋದ ರೈತರಲ್ಲಿ ಈರಪ್ಪ ಕಡ್ಲಿಕೊಪ್ಪ ಮತ್ತು ಬಸಪ್ಪ ಲಕ್ಕುಂಡಿ ಪ್ರಾಣ ಕೊಟ್ಟರು. ಅದೇ ವರ್ಷ ಬೆಂಗಳೂರಿನಲ್ಲಿ ಪಿ. ಲಂಕೇಶ್ ಜಾಹೀರಾತಿಲ್ಲದ ವಾರಪತ್ರಿಕೆ ಶುರುಮಾಡಿದರು. ವಾರ ವಾರವೂ ಸರಕಾರವನ್ನು ಕಟುವಾಗಿ ಟೀಕಿಸಿದರು. 1982ರಲ್ಲಿ ಗೋಕಾಕ್ ಚಳವಳಿ ನಾಡನ್ನೆಲ್ಲ ಎಬ್ಬಿಸಿತು. 1983ರ ಜನವರಿಯಲ್ಲಿ ಕಾಂಗ್ರೆಸ್ ಸೋತಿತು. ಕರ್ನಾಟಕ ಮೊದಲ ಸಲ ಕಾಂಗ್ರೆಸ್ಸೇತರ ಸರಕಾರ ಕಂಡಿತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು.

ಆದರೆ ಕೇಳುಗರೇ, ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ವರ್ಷ, 1984ರ ಡಿಸೆಂಬರಿನಲ್ಲಿ, ಲೋಕಸಭೆಗೆ ಚುನಾವಣೆ ಬಂತು. ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಮೂರು ತಿಂಗಳು ಕಳೆಯಿತು. 1985ರ ಮಾರ್ಚಿನಲ್ಲಿ ವಿಧಾನಸಭೆಗೆ ಮತ್ತೆ ಚುನಾವಣೆ. ಈ ಸಲ ಅದೇ ಮತದಾರರು ಹೆಗಡೆಯವರ ಜನತಾ ಪಕ್ಷಕ್ಕೆ ಸುಮಾರು 140 ಸ್ಥಾನ ಕೊಟ್ಟರು. ಎರಡು ವರ್ಷದ ಆಸುಪಾಸಿನಲ್ಲಿ ಮೂರು ಚುನಾವಣೆ. ಮತ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಲಂಕೇಶ್ ಪತ್ರಿಕೆ ಮಾತ್ರ ಮೂರೂ ಸಲ ಅದೇ ಪತ್ರಿಕೆ. ಬರೆಯುವವರೂ ಅವರೇ, ಓದುವವರೂ ಅವರೇ. ಲೇಖನಿ ಮತವನ್ನು ಎಳೆದುಕೊಂಡು ಹೋಗುವುದಾಗಿದ್ದರೆ 1984 ಆಗುತ್ತಿರಲಿಲ್ಲ.

1983ರಲ್ಲಿ ಇನ್ನೊಂದು ಕೆಲಸ ನಡೆದಿತ್ತು. ದೇವರಾಜ ಅರಸರ ಕ್ರಾಂತಿರಂಗ ಪಕ್ಷ, ಅರಸರು ತೀರಿಕೊಂಡ ಮೇಲೆ ಬಂಗಾರಪ್ಪನವರ ಕೈಗೆ ಬಂದು, ಜನತಾ ಪಕ್ಷದ ಜೊತೆ ಕೂಡಿತ್ತು. ಒಡೆದಿದ್ದ ಮತ ಒಂದು ಗುರುತಿನ ಕೆಳಗೆ ಬಂತು. ಸಿಟ್ಟಿಗೆ ಮಾತು ಕೊಟ್ಟವರು ಲೇಖಕರು. ಆ ಸಿಟ್ಟನ್ನು ಮತವಾಗಿ ಕೂಡಿಸಿದವರು ಊರೂರಲ್ಲಿ ಪಕ್ಷದ ಕೆಲಸ ಮಾಡಿದವರು. ಎರಡನೆಯವರ ಹೆಸರನ್ನು ನಾವು ಬೇಗ ಮರೆಯುತ್ತೇವೆ.

ಗೋಕಾಕ್ ಚಳವಳಿಯನ್ನು ಇಲ್ಲಿ ಬೇರೆಯಾಗಿ ನೋಡಬೇಕು. ಗೋಕಾಕ್ ಸಮಿತಿ ವರದಿ ಕೊಟ್ಟದ್ದು 1981ರ ಜನವರಿಯಲ್ಲಿ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು ಅದು ಹೇಳಿತು. ಸರಕಾರ ಸುಮ್ಮನೆ ಕುಳಿತಿತು. ಧಾರವಾಡದ ಲೇಖಕರು, ಪ್ರಾಧ್ಯಾಪಕರು, ಪಾಟೀಲ ಪುಟ್ಟಪ್ಪನವರಂಥ ಪತ್ರಕರ್ತರು ಬೀದಿಗೆ ಇಳಿದರು. ತಿಂಗಳುಗಟ್ಟಲೆ ಧರಣಿ, ಭಾಷಣ, ಲೇಖನ ನಡೆದವು. ಸರಕಾರ ಅಲುಗಲಿಲ್ಲ. 1982ರ ಬೇಸಿಗೆಯಲ್ಲಿ ನಟ ರಾಜಕುಮಾರ್ ಚಳವಳಿಗೆ ಬಂದರು. ಬೆಳಗಾವಿಯಿಂದ ಹೊರಟು ಊರೂರು ಸುತ್ತಿದರು. ಹೋದಲ್ಲೆಲ್ಲ ಜನಸಾಗರ. ಕೆಲವೇ ತಿಂಗಳಲ್ಲಿ, ಆ ಜುಲೈನಲ್ಲಿ, ಆದೇಶ ಹೊರಬಿತ್ತು. ರಾಜಕುಮಾರ್ ಜೀವನದಲ್ಲಿ ಎಂದೂ ಚುನಾವಣೆಗೆ ನಿಲ್ಲಲಿಲ್ಲ. ವಾದವನ್ನು ಧಾರವಾಡದ ಪಂಡಿತರು ಕಟ್ಟಿಕೊಟ್ಟಿದ್ದರು. ಅವರಲ್ಲಿ ಇಲ್ಲದಿದ್ದದ್ದು ಜನ. ಜನವನ್ನು ತಂದವರು ರಾಜಕುಮಾರ್. ಎರಡೂ ಸೇರಿದಾಗ ಸರಕಾರದ ಲೇಖನಿ ಓಡಿತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಪತ್ರಿಕೆಯ ಟೀಕೆಯಿಂದ ಮಾತ್ರ ಮತ ಬದಲಾಗಲಿಲ್ಲ. ಆದರೆ ಜನ ಕೂಡಿದಾಗ ಒಂದು ಆದೇಶ ಹೊರಬಂತು. ಈಗ ಟೀಕಾಕಾರರ ಮಾತು ಮತದಾರನ ಕಿವಿಗೆ ಹೇಗೆ ಬೀಳುತ್ತದೆ ಎಂಬುದನ್ನು ನೋಡೋಣ.

ಇದನ್ನು ಮೊದಲು ಶಾಸ್ತ್ರೀಯವಾಗಿ ಅಳೆದದ್ದು ಅಮೆರಿಕದಲ್ಲಿ, 1940ರಲ್ಲಿ. ಅದು ರೇಡಿಯೋದ ಏರುಗಾಲ. ರೇಡಿಯೋ ಭಾಷಣ ಜನರನ್ನು ಗೊಂಬೆಯಾಡಿಸಿದಂತೆ ಆಡಿಸುತ್ತದೆ ಎಂದು ಪಂಡಿತರು ಹೆದರಿದ್ದ ಕಾಲ. ಪೌಲ್ ಲಾಜರ್ಸ್‌ಫೆಲ್ಡ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ಓಹಾಯೋ ರಾಜ್ಯದ ಈರಿ ಎಂಬ ಜಿಲ್ಲೆಯಲ್ಲಿ ಸುಮಾರು ಆರುನೂರು ಮತದಾರರನ್ನು ತಿಂಗಳು ತಿಂಗಳೂ ಮಾತಾಡಿಸಿದರು. ಮೇ ತಿಂಗಳಿಂದ ನವೆಂಬರ್ ತನಕ. ಹೆಚ್ಚಿನವರು ಪ್ರಚಾರ ಶುರುವಾಗುವ ಮೊದಲೇ ಮನಸ್ಸು ಗಟ್ಟಿಮಾಡಿಕೊಂಡಿದ್ದರು. ಪತ್ರಿಕೆ, ರೇಡಿಯೋ ಅವರ ಮನಸ್ಸನ್ನು ಇನ್ನಷ್ಟು ಗಟ್ಟಿಮಾಡಿದವು. ತಿರುಗಿಸಿದ್ದು ಕೆಲವೇ ಮಂದಿಯನ್ನು. ಹಾಗೆ ತಿರುಗಿದವರಲ್ಲಿ ಬಹಳ ಜನ ತಮ್ಮ ನಡುವಿನವರ ಮಾತು ಕೇಳಿ ತಿರುಗಿದ್ದರು. ಮನೆಯವರು, ನೆರೆಯವರು, ಜೊತೆಗೆ ದುಡಿಯುವವರು. ಊರಲ್ಲಿ ಪತ್ರಿಕೆ ಓದುವ ಒಬ್ಬಿಬ್ಬರು ಇರುತ್ತಾರೆ. ಸುದ್ದಿ ಮೊದಲು ಅವರಿಗೆ ಮುಟ್ಟುತ್ತದೆ. ಅವರಿಂದ ಉಳಿದವರಿಗೆ ಮುಟ್ಟುತ್ತದೆ.

ಅರಕೇರಿಯ ಕೇಳುಗರಿಗೆ ಇದನ್ನು ಯಾವ ವಿದ್ವಾಂಸರೂ ಕಲಿಸಬೇಕಾಗಿಲ್ಲ. ಬೆಂಗಳೂರಿನ ಟೀವಿಯಲ್ಲಿ ಒಬ್ಬರು ಒಂದು ತಾಸು ಮಾತಾಡಬಹುದು. ಮರುದಿನ ಗುಡಿಯ ಕಟ್ಟೆಯ ಮೇಲೆ, ಊರಿಗೆ ಬೇಕಾದ ಹಿರಿಯರು ಒಂದು ಮಾತು ಆಡುತ್ತಾರೆ. ಯಾವ ಮಾತು ಉಳಿಯುತ್ತದೆ ಎಂದು ನಿಮಗೆ ಗೊತ್ತಿದೆ.

ನಮ್ಮ ಜಿಲ್ಲೆಯ ಪುರಾವೆಯನ್ನೇ ಕೊಡುತ್ತೇನೆ. 2017ರ ಜುಲೈನಲ್ಲಿ ಬೀದರಿನಲ್ಲಿ ದೊಡ್ಡ ಸಮಾವೇಶ ನಡೆಯಿತು. ಲಿಂಗಾಯತಕ್ಕೆ ಸ್ವತಂತ್ರ ಧರ್ಮದ ಮಾನ್ಯತೆ ಬೇಕೆಂಬ ಬೇಡಿಕೆ ಅಲ್ಲಿಂದ ಊರೂರಿಗೆ ಹರಡಿತು. ಆ ಬೇಡಿಕೆ ಸರಿಯೋ ತಪ್ಪೋ ಎಂಬುದು ಇವತ್ತಿನ ವಿಷಯವಲ್ಲ. ವಿದ್ವಾಂಸರು, ಸ್ವಾಮಿಗಳು, ಅಂಕಣಕಾರರು, ಟೀವಿ ಚರ್ಚೆಯವರು ಸುಮಾರು ಒಂದು ವರ್ಷ ಇದನ್ನೇ ಮಾತಾಡಿದರು. ಮುಂದಾಳಾಗಿ ನಿಂತವರಲ್ಲಿ ಬಬಲೇಶ್ವರದ ಶಾಸಕರು, ಆಗಿನ ಜಲಸಂಪನ್ಮೂಲ ಸಚಿವರು ಎಂ.ಬಿ. ಪಾಟೀಲರು ಮುಖ್ಯರು. ನಿವೃತ್ತ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿ ವರದಿ ಕೊಟ್ಟಿತು. 2018ರ ಮಾರ್ಚಿನಲ್ಲಿ ರಾಜ್ಯ ಸರಕಾರ ಕೇಂದ್ರಕ್ಕೆ ಶಿಫಾರಸು ಮಾಡಿತು. ಇದರಿಂದ ಮತ ಇತ್ತ ಹರಿಯುತ್ತದೆ ಎಂದರು ಕೆಲವರು. ಅತ್ತ ಹರಿಯುತ್ತದೆ ಎಂದರು ಇನ್ನು ಕೆಲವರು.

ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆಯ ಫಲಿತಾಂಶ ಬಂತು. ರಾಜ್ಯದಲ್ಲಿ ಕಾಂಗ್ರೆಸ್ 122 ಸ್ಥಾನಗಳಿಂದ ಸುಮಾರು 80ಕ್ಕೆ ಇಳಿಯಿತು. ಅದೇ ಪಕ್ಷದ ಡಿ.ಕೆ. ಶಿವಕುಮಾರ್, ಸರಕಾರ ಧರ್ಮದ ವಿಷಯಕ್ಕೆ ಕೈಹಾಕಿದ್ದು ತಪ್ಪು ಎಂದು ಮುಂದೆ ಬಹಿರಂಗವಾಗಿ ಹೇಳಿದರು. ಪಾಟೀಲರು ಅದನ್ನು ಒಪ್ಪಲಿಲ್ಲ. ಬಬಲೇಶ್ವರದಲ್ಲಿ ಏನಾಯಿತು? ಪಾಟೀಲರು 25,000ಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಬದಿಯ ವಿಜಯಪುರ ನಗರದಲ್ಲಿ? ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳರು ಗೆದ್ದರು. ಒಂದೇ ಸೀಮೆ. ಅದೇ ಟೀವಿ, ಅದೇ ಪತ್ರಿಕೆ, ಅದೇ ಚರ್ಚೆ. ಫಲಿತಾಂಶ ಮಾತ್ರ ಬೇರೆ ಬೇರೆ. ಬಬಲೇಶ್ವರದ ಮತದಾರರ ಮುಂದೆ ಇನ್ನೊಂದು ಸಂಗತಿ ಇತ್ತು: ನೀರು. ಕೆರೆ ತುಂಬುವ ಯೋಜನೆ ಇತ್ತು, ತುಬಚಿ-ಬಬಲೇಶ್ವರ ಏತ ನೀರಾವರಿ ಇತ್ತು. ಬತ್ತಿದ ಬಾವಿಗೆ ನೀರು ಬಂದವರಿಗೆ ಟೀವಿಯ ಚರ್ಚೆ ಎರಡನೆಯದು. ಇದು ನನ್ನ ತೀರ್ಮಾನ. ನೀವು ಆ ಕ್ಷೇತ್ರದವರೇ ಆಗಿದ್ದರೆ ನನಗಿಂತ ಚೆನ್ನಾಗಿ ಬಲ್ಲಿರಿ.

ಇಲ್ಲಿಯ ತನಕ ಮಾತಾಡಿದ್ದು ಬರೆಯುವವರ, ಚರ್ಚೆ ಮಾಡುವವರ ಬಗ್ಗೆ. ಅವರು ಮತ ತಿರುಗಿಸುವುದು ಕಡಿಮೆ ಎಂದು ಕಂಡೆವು. ಈಗ ಹೋರಾಟಗಾರರ ಕಡೆ ಬರೋಣ. ಅವರು ಮಾತಾಡುವುದಷ್ಟೇ ಅಲ್ಲ, ಮೈಯನ್ನೇ ಒಡ್ಡುತ್ತಾರೆ. ಅವರೇ ಚುನಾವಣೆಗೆ ನಿಂತರೆ?

ಮಣಿಪುರದ ಇರೋಮ್ ಶರ್ಮಿಳಾ ಸೈನ್ಯದ ವಿಶೇಷಾಧಿಕಾರದ ಕಾಯ್ದೆಯ ವಿರುದ್ಧ ಹದಿನಾರು ವರ್ಷ ಉಪವಾಸ ಮಾಡಿದರು. ಮೂಗಿನ ಕೊಳವೆಯಲ್ಲಿ ಆಹಾರ ಕೊಟ್ಟು ಅವರನ್ನು ಬದುಕಿಸಿದರು. 2017ರಲ್ಲಿ ಮುಖ್ಯಮಂತ್ರಿಯ ಎದುರು ನಿಂತರು. ಅವರಿಗೆ ಬಿದ್ದ ಮತ ಸುಮಾರು ತೊಂಬತ್ತು. ಈ ಅಂಕಿಯನ್ನು ಎಷ್ಟು ಸಲ ಓದಿದರೂ ನನಗೆ ಸಂಕಟವಾಗುತ್ತದೆ.

ಪಂಜಾಬಿನ ರೈತರು ದೆಹಲಿಯ ಗಡಿಯಲ್ಲಿ ಒಂದು ವರ್ಷ ಕುಳಿತರು. 2021ರ ನವೆಂಬರಿನಲ್ಲಿ ಕೇಂದ್ರ ಸರಕಾರ ಮೂರು ಕೃಷಿ ಕಾಯ್ದೆಗಳನ್ನು ಹಿಂದಕ್ಕೆ ಪಡೆಯಿತು. ಮೂರು ತಿಂಗಳ ಮೇಲೆ ಪಂಜಾಬಿನಲ್ಲಿ ವಿಧಾನಸಭಾ ಚುನಾವಣೆ. ರೈತ ಸಂಘಟನೆಗಳಲ್ಲಿ ಕೆಲವು ಕೂಡಿ ಪಕ್ಷ ಕಟ್ಟಿ ನಿಂತವು. ಒಂದು ಸ್ಥಾನವೂ ಬರಲಿಲ್ಲ.

ನಮ್ಮಲ್ಲೂ ಹೀಗೆಯೇ. ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘ ಕರೆ ಕೊಟ್ಟರೆ ಹಸಿರು ಶಾಲಿನ ಲಕ್ಷಾಂತರ ಜನ ಸೇರುತ್ತಿದ್ದರು. ಸಾಲದ ಜಪ್ತಿಗೆ ಬಂದ ಅಧಿಕಾರಿ, ಅನುಮತಿ ಇಲ್ಲದೆ ಒಳಗೆ ಬರಬೇಡಿ ಎಂಬ ಊರ ಹೊರಗಿನ ಫಲಕ ಓದಿ ಹಿಂದಿರುಗಿದ ಕಾಲ ಅದು. 1989ರಲ್ಲಿ ಸಂಘ ಗೆದ್ದದ್ದು ಎರಡೇ ಕಡೆ, ಕಿತ್ತೂರು ಮತ್ತು ಧಾರವಾಡ ಗ್ರಾಮೀಣ. ಎರಡರಲ್ಲೂ ಗೆದ್ದವರು ಒಬ್ಬರೇ, ಬಾಬಾಗೌಡ ಪಾಟೀಲರು. ಲಂಕೇಶರೂ ಪ್ರಗತಿರಂಗ ಎಂಬ ವೇದಿಕೆ ಕಟ್ಟಿ ಊರೂರು ಸುತ್ತಿದರು. ಅವರ ಪತ್ರಿಕೆಯನ್ನು ಕಾದು ಓದುತ್ತಿದ್ದ ನಾಡು ಆ ವೇದಿಕೆಯನ್ನು ರಾಜಕೀಯ ಶಕ್ತಿಯಾಗಿ ಬೆಳೆಸಲಿಲ್ಲ.

ಹಾಗಾದರೆ ರೈತ ಸಂಘ ಸೋತಿತೇ? ಇಲ್ಲ. ಅದರ ಮಾತನ್ನು ಗೆದ್ದವರು ಎತ್ತಿಕೊಂಡರು. ಯಡಿಯೂರಪ್ಪನವರು ಹಸಿರು ಶಾಲು ಹೊದ್ದು, ರೈತರ ಹೆಸರಿನಲ್ಲಿ ಪ್ರಮಾಣ ಮಾಡಿದ್ದನ್ನು ನೆನಪು ಮಾಡಿಕೊಳ್ಳಿ. 2011ರಲ್ಲಿ ರಾಜ್ಯಕ್ಕೆ ಬೇರೆಯಾದ ಕೃಷಿ ಬಜೆಟ್ಟು ಬಂತು. ರೈತ ಸಂಘಕ್ಕೆ ಮತ ಹಾಕದ ಊರುಗಳಿಗೂ ಅದು ಅನ್ವಯಿಸಿತು. ಹೋರಾಟಗಾರ ಸೋತ ಚುನಾವಣೆಯಲ್ಲಿ ಅವನ ಬೇಡಿಕೆ ಗೆದ್ದಿರಬಹುದು. ಎಣಿಕೆ ಮಾಡುವಾಗ ಇದನ್ನು ಬಿಡಬಾರದು.

ಹೋರಾಟಗಾರರು ಸಾಮಾನ್ಯವಾಗಿ ಚುನಾವಣೆಯಲ್ಲಿ ಸೋಲುತ್ತಾರೆ ಎಂದೆ. ಇದಕ್ಕೆ ಒಂದು ದೊಡ್ಡ ಅಪವಾದ ನಮ್ಮ ನೆಲದಲ್ಲಿಯೇ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಬಲೇಶ್ವರದಿಂದ ಜಮಖಂಡಿಯ ಕಡೆ ಹೋದರೆ ಕೃಷ್ಣಾ ನದಿ ಸಿಗುತ್ತದೆ. ಅಲ್ಲಿ ಚಿಕ್ಕಪಡಸಲಗಿ ಎಂಬ ಊರು. ಈಗ ಅದು ಬಾಗಲಕೋಟೆ ಜಿಲ್ಲೆ. ಆಗ ಅದೂ ಬಿಜಾಪುರ ಜಿಲ್ಲೆಯೇ. ಮಳೆಗಾಲದಲ್ಲಿ ಹೊಳೆ ದಡ ಮೀರಿ ಹರಿಯುತ್ತಿತ್ತು. ಬೇಸಿಗೆಯಲ್ಲಿ ಮರಳು ಕಾಣುತ್ತಿತ್ತು. ದಡದ ಮೇಲೆ ಪಂಪು ಕೂಡಿಸಿದ ರೈತನ ಕಬ್ಬು ಏಪ್ರಿಲಿನಲ್ಲಿ ಒಣಗುತ್ತಿತ್ತು. ಮೇಲಿನ ಹಿಪ್ಪರಗಿ ಯೋಜನೆ ಎಪ್ಪತ್ತರ ದಶಕದಿಂದ ಕುಂಟುತ್ತ ನಡೆದಿತ್ತು. ಅರ್ಜಿ ಕೊಟ್ಟು ಕೊಟ್ಟು ರೈತರು ಬೇಸತ್ತಿದ್ದರು.

ಆಗ ಸಿದ್ದು ನ್ಯಾಮಗೌಡ ಎಂಬ ಮುಂದಾಳು ಒಂದು ಮಾತು ಹೇಳಿದರು. ಸರಕಾರ ಕಟ್ಟದಿದ್ದರೆ ನಾವೇ ಕಟ್ಟೋಣ. ಕೃಷ್ಣಾ ತೀರದ ರೈತರ ಸಂಘ ಕೂಡಿತು. ರೈತರು ವಂತಿಗೆ ಹಾಕಿದರು. ಇಷ್ಟೇ ಆಗಿದ್ದರೆ ಅದು ಒಂದು ದೇಣಿಗೆಯ ಕೆಲಸವಾಗುತ್ತಿತ್ತು. ಅವರು ಮೈಬೆವರನ್ನೂ ಕೊಟ್ಟರು. ಊರೂರಿನಿಂದ ಶ್ರಮದಾನಕ್ಕೆ ಬಂದರು. ಕಲ್ಲು ಹೊತ್ತರು, ಮರಳು ಹೊತ್ತರು. 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಎದ್ದು ನಿಂತಿತು. ರೈತರೇ ಕಟ್ಟಿಕೊಂಡ ಇಂಥ ಬ್ಯಾರೇಜು ದೇಶದಲ್ಲಿ ಅದೇ ಮೊದಲು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ನ್ಯಾಮಗೌಡರು ಬ್ಯಾರೇಜ್ ಸಿದ್ದು ಆದರು.

ಎರಡು ವರ್ಷ ಕಳೆಯಿತು. 1991ರ ಲೋಕಸಭಾ ಚುನಾವಣೆ ಬಂತು. ಬಾಗಲಕೋಟೆಯಿಂದ ಜನತಾದಳದ ಅಭ್ಯರ್ಥಿಯಾಗಿ ರಾಮಕೃಷ್ಣ ಹೆಗಡೆ ನಿಂತರು. ಎರಡು ಸಲ ಗೆದ್ದು ಬಂದ ಮಾಜಿ ಮುಖ್ಯಮಂತ್ರಿ. ಪ್ರಧಾನಿಯಾಗಬಲ್ಲವರು ಎಂದು ದೆಹಲಿಯ ಪತ್ರಿಕೆಗಳು ಬರೆದಿದ್ದ ಮನುಷ್ಯ. ಬರೆಯುವವರ, ಚರ್ಚೆ ಮಾಡುವವರ ಮೆಚ್ಚುಗೆ ಅವರಷ್ಟು ಪಡೆದ ಕನ್ನಡ ರಾಜಕಾರಣಿ ಇನ್ನೊಬ್ಬರಿಲ್ಲ. ಎದುರಿಗೆ ಕಾಂಗ್ರೆಸ್ಸಿನಿಂದ ಬ್ಯಾರೇಜ್ ಸಿದ್ದು. ಗೆದ್ದವರು ನ್ಯಾಮಗೌಡರು. ಮುಂದೆ ಕೇಂದ್ರದಲ್ಲಿ ರಾಜ್ಯ ಸಚಿವರೂ ಆದರು.

ಇದನ್ನು ಹೇಳುವಾಗ ಎರಡು ಸಂಗತಿ ಮುಚ್ಚಿಡಬಾರದು. ಆ ಚುನಾವಣೆಯ ನಡುವೆಯೇ ರಾಜೀವ್ ಗಾಂಧಿಯವರ ಹತ್ಯೆಯಾಗಿತ್ತು. ರಾಜ್ಯದ 28 ಸ್ಥಾನಗಳಲ್ಲಿ 23 ಕಾಂಗ್ರೆಸ್ಸಿಗೆ ಬಂದಿದ್ದವು. ನ್ಯಾಮಗೌಡರು ಗಾಳಿಯ ವಿರುದ್ಧ ಗೆದ್ದವರಲ್ಲ. ಎರಡನೆಯದು, ಮುಂದಿನ ಚುನಾವಣೆಯಲ್ಲಿ, 1996ರಲ್ಲಿ, ಆ ಕ್ಷೇತ್ರ ಜನತಾದಳಕ್ಕೆ ಹೋಯಿತು. ಬ್ಯಾರೇಜಿನ ಉಪಕಾರ ಪ್ರತಿ ಸಲವೂ ಮತವಾಗಿ ಬರಲಿಲ್ಲ.

ಆದರೂ ಅಷ್ಟು ದೊಡ್ಡ ಹೆಸರಿನವರ ಎದುರು ನಿಲ್ಲುವ ಶಕ್ತಿ ಒಬ್ಬ ರೈತ ಮುಂದಾಳಿಗೆ ಎಲ್ಲಿಂದ ಬಂತು? ಉಳಿದ ಹೋರಾಟಗಾರರು ಜನರ ಪರವಾಗಿ ಸರಕಾರವನ್ನು ಕೇಳುತ್ತಾರೆ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಚಿಕ್ಕಪಡಸಲಗಿಯಲ್ಲಿ ಜನರ ರೊಕ್ಕ ಇತ್ತು, ಬೆವರು ಇತ್ತು. ಅದು ಅವರದೇ ಕೆಲಸವಾಗಿತ್ತು. ಭಾಷಣ ಕೇಳಿದವನು ಮರೆಯುತ್ತಾನೆ. ಕಲ್ಲು ಹೊತ್ತವನು ಮರೆಯುವುದಿಲ್ಲ. 2018ರ ಮೇ ತಿಂಗಳಲ್ಲಿ, ಜಮಖಂಡಿಯ ಶಾಸಕರಾಗಿ ಮತ್ತೆ ಆರಿಸಿ ಬಂದ ಕೆಲವೇ ದಿನಗಳಲ್ಲಿ, ನ್ಯಾಮಗೌಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜು ಅಲ್ಲಿಯೇ ಇದೆ.

ಈಗ ಹಿಂದೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಚರ್ಚೆ ಮಾಡುವವರು ಮತ ತಿರುಗಿಸುವುದು ಕಡಿಮೆ. ಹೋರಾಟಗಾರರು ನಿಂತರೆ ಸೋಲುವುದೇ ಹೆಚ್ಚು. ಜನರ ಬೆವರು ಕೂಡಿದಲ್ಲಿ ಮಾತ್ರ ಬೇರೆ ಆಗಬಹುದು. ಹಾಗಾದರೆ ಅವರ ನಿಜವಾದ ಪ್ರಭಾವ ಎಲ್ಲಿ ಕಾಣುತ್ತದೆ? ನನ್ನ ಉತ್ತರ: ಸರಕಾರದ ಕಾಗದದಲ್ಲಿ, ನ್ಯಾಯಾಲಯದ ತೀರ್ಪಿನಲ್ಲಿ.

ಬಳ್ಳಾರಿಯ ಗಣಿಯನ್ನು ನೋಡಿ. ಅದಿರು ತುಂಬಿದ ಲಾರಿಗಳ ಸಾಲು, ಕೆಂಪು ಧೂಳು ಹೊದ್ದ ಹೊಲ, ಇದನ್ನೆಲ್ಲ ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಲಾರಿ ನಿಲ್ಲಲಿಲ್ಲ. ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈ ಕೊನೆಗೆ ವರದಿ ಕೊಟ್ಟರು. ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ ಸುಮಾರು 16,000 ಕೋಟಿ ರೂಪಾಯಿ ಎಂದು ಅದು ಹೇಳಿತು. ಅದೇ ವಾರ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದೇ ವಾರ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮುಂದೆ ಐವತ್ತರ ಸುಮಾರು ಗಣಿ ಗುತ್ತಿಗೆಗಳು ರದ್ದಾದವು.

ಮತದ ಮಾತು? ಅದೇ 2011ರ ಕೊನೆಗೆ ಬಳ್ಳಾರಿ ಗ್ರಾಮೀಣ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಗಣಿ ಧಣಿಗಳಾದ ರೆಡ್ಡಿ ಸೋದರರ ಆಪ್ತರು ಬಿ. ಶ್ರೀರಾಮುಲು. ಶಾಸಕತ್ವಕ್ಕೆ ರಾಜೀನಾಮೆ ಕೊಟ್ಟಿದ್ದ ಅವರೇ ಪಕ್ಷೇತರರಾಗಿ ನಿಂತರು. 40,000ಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಇಡೀ ದೇಶ ಬಳ್ಳಾರಿಯ ಬಗ್ಗೆ ಮಾತಾಡುತ್ತಿತ್ತು. ಬಳ್ಳಾರಿಯ ಮತ ಆ ಮಾತಿಗೆ ಕಿವಿಗೊಡಲಿಲ್ಲ. ಗಣಿ ನಿಂತದ್ದು ಮತದಿಂದಲ್ಲ. ಒಂದು ಅರ್ಜಿಯಿಂದ, ಒಂದು ವರದಿಯಿಂದ, ಒಂದು ತೀರ್ಪಿನಿಂದ.

ಇದೇ ಹಿರೇಮಠರ ಬಳಗ 1987ರಲ್ಲಿ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹ ಮಾಡಿತ್ತು. ದನ ಮೇಯುವ ಗೋಮಾಳದಲ್ಲಿ ಕಾರ್ಖಾನೆಗೆಂದು ಒಂದು ನೆಡುತೋಪು ಕಂಪನಿ ನೆಟ್ಟ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಕೆಲವು ವರ್ಷಗಳಲ್ಲಿ ಸರಕಾರ ಆ ಕಂಪನಿಯನ್ನೇ ಮುಚ್ಚಿತು.

ಮಾತಿಗೆ ಬಲವೇ ಇಲ್ಲ ಎನ್ನುವವರಿಗೆ ಇನ್ನೊಂದು ಸಂಗತಿ ನೆನಪಿಸಬೇಕು. ಸಿಂದಗಿ ಸೀಮೆಯಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಗುಂಡಿಟ್ಟು ಕೊಂದರು. ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಹಾಗೆಯೇ ಕೊಂದರು. ಇಬ್ಬರೂ ಶಾಸಕರಲ್ಲ, ಸಚಿವರಲ್ಲ. ಬರೆಯುವವರು. ಆ ಬರಹಕ್ಕೆ ಬಲವಿದೆ ಎಂದು ಕೊಂದವರು ನಂಬಿದ್ದರು.

ಹೋರಾಟದ ಫಲ ಕಾಗದದಲ್ಲಿ ಕಾಣುತ್ತದೆ ಎಂದೆ. ಆದರೆ ಎಲ್ಲ ಹೋರಾಟವೂ ಕಾಗದ ಮುಟ್ಟುವುದಿಲ್ಲ. ಎಲ್ಲಿ ತಡೆ ಬೀಳುತ್ತದೆ?

2019ರ ಜನವರಿಯಲ್ಲಿ ರಾಯಚೂರು ಮತ್ತು ಸುತ್ತಲಿನ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಸುಮಾರು 200 ಕಿಲೋಮೀಟರ್. ಹನ್ನೆರಡು ದಿನ. ಹೆಚ್ಚಿನವರು ಕೂಲಿ ಮಾಡುವವರು. ನಡೆದ ಪ್ರತಿ ದಿನವೂ ಕೂಲಿ ಕಳೆದುಕೊಂಡರು. ಅವರು ಕೇಳಿದ್ದು ಒಂದೇ: ಊರಲ್ಲಿ ಸೆರೆ ನಿಲ್ಲಿಸಿ. ನಾಡಿನ ಪತ್ರಿಕೆಗಳು ಬರೆದವು. ಟೀವಿ ತೋರಿಸಿತು. ಲೇಖಕರು ಬೆಂಬಲಿಸಿದರು. ಮದ್ಯ ನಿಲ್ಲಲಿಲ್ಲ.

ಕಾರಣ ಗುಟ್ಟಿನದಲ್ಲ. ಆಗ ಅಬಕಾರಿಯಿಂದ ಸರಕಾರಕ್ಕೆ ಬರುತ್ತಿದ್ದ ಆದಾಯ ವರ್ಷಕ್ಕೆ ಸುಮಾರು 20,000 ಕೋಟಿ. ಈಗ ಅದು 30,000 ಕೋಟಿ ದಾಟಿದೆ. ಊರಿನ ಹೆಸರು ಬದಲಿಸಲು ಬೊಕ್ಕಸಕ್ಕೆ ದೊಡ್ಡ ಪೆಟ್ಟಿಲ್ಲ. ಮದ್ಯ ನಿಲ್ಲಿಸಲು ಬೊಕ್ಕಸವನ್ನೇ ಅಲುಗಿಸಬೇಕು. ಹೋರಾಟಗಾರರ ಪ್ರಭಾವ ಅಳೆಯುವಾಗ ಜನ ಎಷ್ಟು ಸೇರಿದರು ಎಂದು ಮಾತ್ರ ಕೇಳಬಾರದು. ಅವರು ಕೇಳಿದ್ದನ್ನು ಕೊಟ್ಟರೆ ಯಾರಿಗೆ ಎಷ್ಟು ನಷ್ಟ ಎಂದೂ ಕೇಳಬೇಕು. ಆ ಹೆಣ್ಣುಮಕ್ಕಳ ಬೇಡಿಕೆ ಚಿಕ್ಕದಲ್ಲ, ತಪ್ಪೂ ಅಲ್ಲ. ಅವರ ಎದುರಿಗೆ ಇದ್ದದ್ದು ರಾಜ್ಯದ ಅತಿ ದೊಡ್ಡ ಆದಾಯಗಳಲ್ಲಿ ಒಂದು. ಅವರಿಗೆ ಉತ್ತರ ಕೊಡದ ಸರಕಾರಗಳು, ಯಾವ ಪಕ್ಷದವೇ ಇರಲಿ, ಅವರಿಗೆ ಅನ್ಯಾಯ ಮಾಡಿವೆ.

ಕೊನೆಯ ಸಂಗತಿಗೆ ಬರುತ್ತೇನೆ. ಚುನಾವಣೆ ಗೆಲ್ಲದೆ, ಹಳ್ಳಿಯಿಂದ ಹೊರಟು, ದೇಶದ ಕಾಗದವನ್ನೇ ಬದಲಿಸಿದ ಒಂದು ಹೋರಾಟ ಇದೆ. ರಾಜಸ್ಥಾನದ ಕೂಲಿಗಳು ಬರಗಾಲದ ಕೆಲಸಕ್ಕೆ ಪೂರ್ತಿ ಕೂಲಿ ಸಿಗದೆ, ಹಾಜರಿ ಪುಸ್ತಕ ತೋರಿಸಿ ಎಂದರು. ಸಿಗಲಿಲ್ಲ. ಅರುಣಾ ರಾಯ್ ಮತ್ತು ಅವರ ಸಂಗಡಿಗರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1996ರಲ್ಲಿ ಬ್ಯಾವರ್ ಎಂಬ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತಿತು. ಹಿಂದಿ ಸಂಪಾದಕ ಪ್ರಭಾಷ್ ಜೋಶಿಯಂಥವರು ಅವರ ಬೆನ್ನಿಗೆ ನಿಂತರು. ನ್ಯಾಯಮೂರ್ತಿ ಸಾವಂತರ ಮುಂದಾಳುತನದ ಪತ್ರಿಕಾ ಮಂಡಳಿ ಮಾಹಿತಿ ಹಕ್ಕಿನ ಕಾಯ್ದೆಯ ಕರಡು ಬರೆಯಿತು. ಕರ್ನಾಟಕ 2000ದಲ್ಲಿಯೇ ತನ್ನ ಕಾಯ್ದೆ ಮಾಡಿತು. ಇಡೀ ದೇಶಕ್ಕೆ ಮಾಹಿತಿ ಹಕ್ಕು ಬಂದದ್ದು 2005ರಲ್ಲಿ. ಹೋರಾಟಗಾರರ ಛಲ, ಪತ್ರಕರ್ತರ ಲೇಖನಿ, ಕೂಲಿಗಳ ಹಸಿವು ಒಂದೇ ಕಡೆ ಕೂಡಿದ ಅಪರೂಪದ ಗಳಿಗೆ ಅದು.

ಅರಕೇರಿಯ ಕೇಳುಗರೇ, ತಿಕೋಟಾ, ಬಬಲೇಶ್ವರದ ಕೇಳುಗರೇ, ಒಂದು ಮಾತನ್ನು ನಿಮ್ಮ ಕೈಗೆ ಕೊಟ್ಟು ಮುಗಿಸುತ್ತೇನೆ. ತಿಕೋಟಾ ಮತ್ತು ಬಬಲೇಶ್ವರ 2017ರ ಬಜೆಟ್ಟಿನ ಪಟ್ಟಿಯಲ್ಲಿ ಸೇರಿ ತಾಲೂಕುಗಳಾದವು. ರಾಜ್ಯದಲ್ಲಿ ತಾಲೂಕು ವಿಂಗಡಣೆಗೆ ಒಂದರ ಮೇಲೊಂದು ಸಮಿತಿ ಕುಳಿತು, ವರದಿಗಳು ದಶಕಗಟ್ಟಲೆ ಕಪಾಟಿನಲ್ಲಿದ್ದು ಬಂದ ಫಲ ಅದು. ಬರೆದಿಟ್ಟ ಬೇಡಿಕೆ ತಡವಾದರೂ ಸಿಗಬಹುದು. ಬರೆಯದೆ ಬಿಟ್ಟದ್ದನ್ನು ಯಾರೂ ಹುಡುಕುವುದಿಲ್ಲ.

ಟೀವಿಯಲ್ಲಿ ಮಾತಾಡುವವರು ನಿಮ್ಮ ಪರವಾಗಿ ಗೆಲ್ಲುತ್ತಾರೆ ಎಂದು ಕಾಯಬೇಡಿ. ನಿಮ್ಮ ಊರಿಗೆ ಬರುವ ಹೋರಾಟಗಾರರನ್ನು ಚುನಾವಣೆಯಲ್ಲಿ ಸೋತವರು ಎಂದು ಹಗುರವಾಗಿ ನೋಡಲೂಬೇಡಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕು ಎಂದು ಕಾಯ್ದೆ ಹೇಳುತ್ತದೆ. ಮುಂದಿನ ಸಭೆಗೆ ಹೋಗಿ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ಕೆರೆಯ ನೀರು, ಶಾಲೆಯ ಕೋಣೆ, ಊರಿನ ಸೆರೆ ಅಂಗಡಿ, ಯಾವುದೇ ಇರಲಿ, ಮಾತಾಡಿ ಬಿಡಬೇಡಿ. ಠರಾವು ಬರೆಯಿಸಿ, ಅದರ ನಕಲು ಪಡೆಯಿರಿ. ಆರು ತಿಂಗಳಲ್ಲಿ ಕೆಲಸ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿಗೆ ಹತ್ತು ರೂಪಾಯಿ. ಮೂವತ್ತು ದಿನದಲ್ಲಿ ಬರಹದಲ್ಲಿ ಉತ್ತರ ಕೊಡಲೇಬೇಕು.